ಆ ಪಂಪ್‌ಹೌಸ್ ಲಿಸ್ಟ್‌ನಲ್ಲಿ ಇರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣಿಸುವುದಿಲ್ಲ. ಮ್ಯಾನ್‌ಹ್ಯಾಟನ್‌ನಲ್ಲಿ ಕೂತು ಗಾಜಾದ ಜನರಿಗಾಗಿ ಕೆಲಸ ಮಾಡುತ್ತಿದ್ದೆ ಅಂತ ಎಷ್ಟೋ ಮನೆಗಳ ಊಟದ ಟೇಬಲ್‌ನಲ್ಲಿ ನಾನೇ ಹೇಳಿಕೊಂಡಿದ್ದೇನೆ. ಕೇಳಿದವರು "ಎಂಥ ಪುಣ್ಯದ ಕೆಲಸ" ಅಂದಿದ್ದಾರೆ. ನಾನು ತಲೆಯಾಡಿಸಿ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಿದ್ದೇನೆ. ಆ ಕೆಲಸದ ಒಂದು ಫೋನ್ ಕಾಲ್ ಬಗ್ಗೆ ಮಾತ್ರ ಯಾರ ಮನೆಯಲ್ಲೂ ಬಾಯಿಬಿಟ್ಟಿಲ್ಲ.

ಬ್ಯಾಂಕುಗಳು ಒಂದರ ಹಿಂದೆ ಒಂದು ಬಿದ್ದ ಚಳಿಗಾಲ ಅದು. ನನ್ನ ಗಂಡನ ಕೈಗೆ ಅವರ ಆಫೀಸು ಒಂದು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿತ್ತು. ನದಿಯಾಚೆ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿದ್ದ ನಮ್ಮ ಅಪಾರ್ಟ್‌ಮೆಂಟು, ಹೆಲ್ತ್ ಇನ್ಶೂರೆನ್ಸು, ಇಬ್ಬರ ವೀಸಾ, ಎಲ್ಲ ನನ್ನ ಒಂದು ಕಾಂಟ್ರಾಕ್ಟಿನ ಮೇಲೆ ನಿಂತಿತ್ತು. ನಾನು ಮ್ಯಾಪ್ ಮಾಡುವವಳು. ಎಂಟು ಪರಿಹಾರ ಸಂಸ್ಥೆಗಳು ಸೇರಿ ಈಸ್ಟ್ ರಿವರ್ ಹತ್ತಿರ ಒಂದು ಸಣ್ಣ ಆಫೀಸು ಇಟ್ಟಿದ್ದವು. ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿ ನನಗೆ ಒಂದೇ ಕೆಲಸ: ಲಿಸ್ಟು.

ಲಿಸ್ಟು ಅಂದರೆ ಇಷ್ಟೇ. ಜನ ಆಶ್ರಯ ಪಡೆದಿರುವ ಶಾಲೆ, ಕ್ಲಿನಿಕ್ಕು, ಗೋದಾಮು, ಇವು ಎಲ್ಲಿವೆ ಅಂತ ಅಕ್ಷಾಂಶ ರೇಖಾಂಶದ ಸಮೇತ ಬರೆದು ದಿನಕ್ಕೊಂದು ಸಲ ಒಂದು ದೇಶದ ರಾಯಭಾರ ಕಚೇರಿಗೆ ಕೊಡುವುದು. ಅವರು ಅದನ್ನು ಇಸ್ರೇಲಿ ಸೇನೆಗೆ ತಲುಪಿಸುತ್ತಾರೆ. ಇಲ್ಲಿ ಸಾಮಾನ್ಯ ಜನ ಇದ್ದಾರೆ, ನೋಡಿಕೊಂಡು ಗುಂಡು ಹಾರಿಸಿ ಅಂತ ಅರ್ಥ. ಗಡಿಯ ಆಚೆ ಇಸ್ರೇಲಿನ ಊರುಗಳ ಮೇಲೂ ರಾಕೆಟ್ ಬೀಳುತ್ತಿತ್ತು. ಅಲ್ಲಿನ ಜನರಿಗೆ ಓಡಿಹೋಗಿ ಕೂರಲು ಸೈರನ್ನು, ಶೆಲ್ಟರು ಅಂತ ಏನೋ ಒಂದು ಇತ್ತು. ಗಾಜಾದವರಿಗೆ ಇದ್ದದ್ದು ನಮ್ಮ ಎಕ್ಸೆಲ್ ಶೀಟು. ಲಿಸ್ಟ್‌ನಲ್ಲಿದ್ದರೆ ಖಂಡಿತ ಉಳಿಯುತ್ತೀರಿ ಅಂತ ಏನಿರಲಿಲ್ಲ. ಲಿಸ್ಟ್‌ನಲ್ಲಿದ್ದ ಜಾಗಗಳ ಮೇಲೂ ಬಿದ್ದದ್ದುಂಟು. ಆದರೂ ಜನ ಅದನ್ನು ನಂಬಿದ್ದರು, ಬೇರೆ ಏನೂ ಇರಲಿಲ್ಲವಲ್ಲ.

ಬೆಳಿಗ್ಗೆ ಐದೂವರೆಗೆ ಫೋರ್ಟ್ ಲೀಯಿಂದ ಬಸ್ಸು ಹಿಡಿದು, ಸೇತುವೆ ದಾಟಿ, ಸಬ್‌ವೇ ಬದಲಿಸಿ, ಆರೂವರೆಗೆ ಆಫೀಸಿನಲ್ಲಿ ಇರುತ್ತಿದ್ದೆ. ಗಾಜಾದಲ್ಲಿ ಆಗ ಮಧ್ಯಾಹ್ನ ಒಂದೂವರೆ. ಒಂದರಿಂದ ನಾಲ್ಕರವರೆಗೆ ಗುಂಡು ನಿಲ್ಲಿಸುತ್ತೇವೆ ಅಂತ ಒಪ್ಪಂದ ಆಗಿತ್ತು. ಜನ ಹೊರಗೆ ಬಂದು ನೀರು, ಬ್ರೆಡ್ಡು ತರುವುದು, ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವುದು, ಎಲ್ಲ ಆ ಮೂರು ಗಂಟೆಯಲ್ಲಿ. ಫೋನುಗಳು ಬರುತ್ತಿದ್ದದ್ದೂ ಆಗಲೇ. ಹೊಸ ಜಾಗ ಸೇರಿಸಬೇಕಾದರೆ ಕಟ್ಟಡದ ಫೋಟೋ ಬೇಕು, ಇಬ್ಬರು ಬೇರೆಬೇರೆ ಜನ ಖಚಿತಪಡಿಸಬೇಕು, ಎಂಟು ಸಂಸ್ಥೆಗಳಲ್ಲಿ ಯಾವುದಾದರೂ ಒಂದು "ಇದು ನಮ್ಮ ಜವಾಬ್ದಾರಿ" ಅಂತ ಬರೆದು ಕೊಡಬೇಕು. ಏಳೂವರೆಗೆ ನಾನು ಕರಡು ಲಿಸ್ಟನ್ನು ಎಂಟೂ ಕಡೆಗೆ ಕಳಿಸುತ್ತಿದ್ದೆ. ಎಂಟು ಗಂಟೆಯೊಳಗೆ ಯಾರೂ ಏನೂ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ರಾಯಭಾರಿಗಳ ಲೋಕದಲ್ಲಿ ಹೀಗೇ ನಡೆಯುವುದು, ಮೌನವೇ ಸಹಿ. ಯಾರಾದರೂ ಒಬ್ಬರು ಒಂದು ಸಾಲಿನ ಬಗ್ಗೆ ಆಕ್ಷೇಪ ಎತ್ತಿದರೆ ಆ ಸಾಲು ಮಾತ್ರ ಅಲ್ಲ, ಇಡೀ ಲಿಸ್ಟು ನಿಲ್ಲುತ್ತದೆ.

ನಾನು ಒಂದು ಸಲ ಹಾಗೆ ನಿಲ್ಲಿಸಿದ್ದೆ. ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಆರು ಸಂಸಾರ ಇದ್ದವು. ಖಚಿತಪಡಿಸಿದವನು ಒಬ್ಬನೇ. ಫೋಟೋ ಸ್ಪಷ್ಟವಾಗಿತ್ತು, ಪಾಪ ಅನಿಸಿ ಸೇರಿಸಿಬಿಟ್ಟೆ. ಎಂಟಕ್ಕೆ ಎರಡು ನಿಮಿಷ ಇದ್ದಾಗ ಒಂದು ಸಂಸ್ಥೆ ಆಕ್ಷೇಪಿಸಿತು. ಲಿಸ್ಟು ಹೊರಡುವಾಗ ಹನ್ನೊಂದೂವರೆ. ಅಲ್ಲಿ ಗುಂಡು ನಿಲ್ಲಿಸುವ ಆ ಮೂರು ಗಂಟೆಯ ಬಿಡುವು ಮುಗಿದುಹೋಗಿತ್ತು. ಡಯಾಲಿಸಿಸ್ ರೋಗಿಗಳನ್ನು ಕರೆದೊಯ್ಯಬೇಕಿದ್ದ ಆಂಬುಲೆನ್ಸು ಮರುದಿನದವರೆಗೆ ಕಾಯಬೇಕಾಯಿತು.

ನಮ್ಮ ಆಫೀಸಿನಲ್ಲಿ ರಾಯಭಾರ ಕಚೇರಿಗಳ ಜತೆ ಮಾತಾಡುವ ಅಧಿಕಾರಿ ಮಂಗಳೂರಿನವರು, ಅರವತ್ತರ ಹತ್ತಿರ. ನಾನು ಅಂಕಲ್ ಅನ್ನುತ್ತಿದ್ದೆ. ಸುದ್ದಿ ಕೇಳಿದವರೇ ಕೋಟು ಬಿಚ್ಚದೆ ಸೀದಾ ನನ್ನ ಟೇಬಲ್ ಹತ್ತಿರ ಬಂದರು.

"ಎಂತ ಮಾರಾಯ್ತಿ, ನಿನ್ಗೆ ಬೇಕರಿ ಮೇಲೆ ಇಷ್ಟು ಪ್ರೀತಿ?"

"ಆರು ಫ್ಯಾಮಿಲಿ ಇತ್ತು ಅಂಕಲ್."

"ಆಂಬುಲೆನ್ಸಲ್ಲಿ ಇದ್ದವ್ರು ಮನುಷ್ಯರಲ್ವಾ? ನೋಡು, ನಿನ್ಗೆ ಪಾಪ ಅನ್ಸಿದ್ರೆ ಮನೆಗೆ ಹೋಗಿ ಅಳು. ಇಲ್ಲಿ ಕ್ಲೀನ್ ಲಿಸ್ಟ್ ಕೊಡು. ಇನ್ನೊಂದ್ಸಲ ಹೀಗಾದ್ರೆ ಏಪ್ರಿಲ್‌ನಲ್ಲಿ ನಿನ್ನ ಕಾಂಟ್ರಾಕ್ಟ್ ಬಗ್ಗೆ ನಾನು ಎಂತ ಹೇಳ್ಲಿ ಇವ್ರಿಗೆ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆಂಬುಲೆನ್ಸು ಅಲ್ಲ, ಏಪ್ರಿಲ್.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಏಳು ಹತ್ತಕ್ಕೆ ಗಾಜಾದ ನೀರು ಸರಬರಾಜಿನ ಒಬ್ಬ ಎಂಜಿನಿಯರು ಫೋನ್ ಮಾಡಿದರು. ದಿನವೂ ಮಾಡುತ್ತಿದ್ದವರೇ. ಯಾವ ಬೋರ್‌ವೆಲ್ ನಡೆಯುತ್ತಿದೆ, ಎಲ್ಲಿ ಡೀಸೆಲ್ ಮುಗಿದಿದೆ ಅಂತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಿದ್ದರು, ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ಅವತ್ತು ಮಾತು ಬೇಗಬೇಗ ಬಂತು. ಊರಿನ ಅಂಚಿನಲ್ಲಿ ಒಂದು ಕೊಳಚೆ ನೀರಿನ ಪಂಪ್‌ಹೌಸ್. ಪಂಪು ನಿಂತರೆ ಎರಡು ಬಡಾವಣೆಗಳ ಬೀದಿಗೆ ಕೊಳಚೆ ನುಗ್ಗುತ್ತದೆ. ಅದಕ್ಕೆ ಮೂವರು ಆಪರೇಟರುಗಳು ಅಲ್ಲಿಂದ ಕದಲುತ್ತಿಲ್ಲ. ಅವರ ಮನೆಗಳ ಸುತ್ತ ಶೆಲ್ ಬೀಳುತ್ತಿರುವುದರಿಂದ ಹೆಂಡತಿ, ಮಕ್ಕಳು, ವಯಸ್ಸಾದವರೂ ಅಲ್ಲಿಗೇ ಬಂದಿದ್ದಾರೆ. ಒಟ್ಟು ಹನ್ನೊಂದು ಜನ.

"ಲಿಸ್ಟಿಗೆ ಹಾಕ್ತೀರಾ ಸಿಸ್ಟರ್?"

ಅಕ್ಷಾಂಶ ರೇಖಾಂಶ ಕೊಟ್ಟರು, ಫೋಟೋ ಕಳಿಸಿದರು. ತಾರಸಿ ಕಾಣುತ್ತಿತ್ತು, ನೀರಿನ ಟ್ಯಾಂಕು ಕಾಣುತ್ತಿತ್ತು, ಒಗೆದು ಹಾಕಿದ ಬಟ್ಟೆಯೂ ಕಾಣುತ್ತಿತ್ತು. ಇಬ್ಬರು ಖಚಿತಪಡಿಸಿದರು. ತೊಡಕು ಇದ್ದದ್ದು ಬೇರೆ ಕಡೆ. ಪಂಪ್‌ಹೌಸ್ ಮುನಿಸಿಪಾಲಿಟಿಯದ್ದು. ಅಲ್ಲಿನ ಆಡಳಿತ ನಡೆಸುತ್ತಿದ್ದ ಪಕ್ಷದ ಜತೆ ಯಾವ ಸಂಪರ್ಕವೂ ಕೂಡದು ಅಂತ ಕೆಲವು ಸಂಸ್ಥೆಗಳಿಗೆ ದುಡ್ಡು ಕೊಡುವ ಸರ್ಕಾರಗಳು ಷರತ್ತು ಹಾಕಿದ್ದವು. ಆಪರೇಟರು ಮೋಟರಿಗೆ ಎಣ್ಣೆ ಬಿಡುವ ಮನುಷ್ಯನೇ ಇರಬಹುದು, ಅವನ ಸಂಬಳದ ಚೀಟಿಯ ಮೇಲೆ ಮುನಿಸಿಪಾಲಿಟಿಯ ಮೊಹರು ಇದೆಯಲ್ಲ. ಯಾರ ಜವಾಬ್ದಾರಿಯ ಕಾಗದವೂ ಇಲ್ಲದ ಈ ಸಾಲು ಕಂಡ ತಕ್ಷಣ ಒಂದು ಸಂಸ್ಥೆಯಾದರೂ ಆಕ್ಷೇಪಿಸುತ್ತದೆ ಅಂತ ನನಗೆ ಗೊತ್ತಿತ್ತು. ಆ ಕಾಗದ ಕೊಡುತ್ತೀರಾ ಅಂತ ಕೇಳಲು ಮೂರು ಸಂಸ್ಥೆಗಳಿಗೆ ಫೋನ್ ಮಾಡಿದೆ. ಎರಡು ಕಡೆ ಯಾರೂ ಎತ್ತಲಿಲ್ಲ. ಮೂರನೆಯವರು "ನಾಳೆ ಕಾಗದ ಕೊಡುತ್ತೇವೆ, ಇವತ್ತು ಬೇಡ" ಅಂದರು.

ಏಳೂವರೆಗೆ ಪಂಪ್‌ಹೌಸಿನ ಸಾಲನ್ನು ಕತ್ತರಿಸಿ "ಬಾಕಿ" ಅನ್ನುವ ಇನ್ನೊಂದು ಶೀಟಿಗೆ ಅಂಟಿಸಿ ಕರಡು ಕಳಿಸಿದೆ. ಎಂಟಾಯಿತು, ಯಾರೂ ಏನೂ ಅನ್ನಲಿಲ್ಲ. ಎಂಟೂ ಕಾಲಿಗೆ ಲಿಸ್ಟು ಹೊರಟಿತು. ಇಲ್ಲಿಯವರೆಗೆ ನಾನು ಮಾಡಿದ್ದು ಪದ್ಧತಿಯ ಪ್ರಕಾರವೇ. ಇದಕ್ಕೆ ನನಗೆ ನಾಚಿಕೆಯಿಲ್ಲ.

ಎಂಟು ಇಪ್ಪತ್ತೈದಕ್ಕೆ ಅವರು ಮತ್ತೆ ಫೋನ್ ಮಾಡಿದರು.

"ಸಿಸ್ಟರ್, ನಮ್ಮ ಪಂಪ್‌ಹೌಸ್ ಲಿಸ್ಟಲ್ಲಿ ಹೋಯ್ತಾ? ಇಲ್ಲ ಅಂದ್ರೆ ಹೇಳಿ. ನನ್ನ ಹತ್ರ ಜೀಪ್ ಇದೆ, ನಾಲ್ಕಕ್ಕೆ ಇನ್ನೂ ಮೂವತ್ತೈದು ನಿಮಿಷ ಇದೆ. ಪಂಪ್ ನಿಂತ್ರೂ ಸರಿ, ಹನ್ನೊಂದೂ ಜನರನ್ನ ಲಿಸ್ಟ್‌ನಲ್ಲಿರೋ ಶಾಲೆಗೆ ಬಿಟ್ಟು ಬರ್ತೀನಿ. ಅಲ್ಲಿ ಕಾಲಿಡೋಕೆ ಜಾಗ ಇಲ್ಲ, ಆದ್ರೂ ಹೇಗೋ ತುರುಕ್ತೀನಿ."

ಪ್ರಶ್ನೆ ಎಷ್ಟು ನೇರವಾಗಿತ್ತು ನೋಡಿ. ಹೋಗಿಲ್ಲ ಅನ್ನಬೇಕಿತ್ತು, ಅಷ್ಟೇ. ಹಾಗಂದರೆ ಯಾಕೆ ಅಂತ ಕೇಳುತ್ತಾರೆ. ನಿಮ್ಮ ಆಪರೇಟರುಗಳ ಸಂಬಳದ ಚೀಟಿ ಸರಿಯಿಲ್ಲ ಅಂತ ಹೇಳಬೇಕಾಗುತ್ತದೆ. ಅವರು ಕೂಗಾಡಬಹುದು, ಅಂಕಲ್ ಪಕ್ಕದಲ್ಲೇ ಇದ್ದಾರೆ. ಇನ್ನೊಂದು ಫೋನೂ ಹೊಡೆದುಕೊಳ್ಳುತ್ತಿತ್ತು. ನಾಳೆ ಹೇಗೂ ಸೇರಿಸುತ್ತೇನೆ, ಒಂದು ದಿನ ತಾನೇ ಅಂದುಕೊಂಡೆ.

"ಹೋಗಿದೆ" ಅಂದೆ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಹಾಗಾದ್ರೆ ಇಲ್ಲೇ ಇರೋಕೆ ಹೇಳ್ತೀನಿ."

ಈ ಎರಡನೇ ವಾಕ್ಯ ಕೇಳಿದ ಮೇಲಾದರೂ ತಿದ್ದಿಕೊಳ್ಳಬಹುದಿತ್ತು. ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೋಗುವಷ್ಟರಲ್ಲಿ ಮೇಲ್ ಬಂದು ಕೂತಿತ್ತು. ಅಲ್ಲಿ ಬೆಳಗಾಗುವ ಹೊತ್ತಿಗೆ ಪಂಪ್‌ಹೌಸಿನ ಮೇಲೆ ಶೆಲ್ ಬಿದ್ದಿತ್ತು. ಮೂವರಲ್ಲಿ ಹಿರಿಯ ಆಪರೇಟರು ಸತ್ತಿದ್ದ, ಅವನ ತಾಯಿಯ ಎರಡೂ ಕಾಲಿಗೆ ಪೆಟ್ಟಾಗಿತ್ತು. ಮೇಲ್ ಕಳಿಸಿದವರು ಎಂಜಿನಿಯರು. ಕೊನೆಯಲ್ಲಿ "ದಯವಿಟ್ಟು ಪ್ರತಿಭಟನೆ ದಾಖಲಿಸಿ, ಈ ಜಾಗ ಲಿಸ್ಟ್‌ನಲ್ಲಿತ್ತು" ಅಂತ ಬರೆದಿದ್ದರು.

ಕೈ ತಣ್ಣಗಾಯಿತು ಅಂತೆಲ್ಲ ಬರೆಯುವುದಿಲ್ಲ. ನಾನು ಮಾಡಿದ್ದು ಏನು ಗೊತ್ತಾ? ಮೂರನೇ ಸಂಸ್ಥೆಯವರು ಕಳಿಸಿದ್ದ ಕಾಗದ ತೆಗೆದುಕೊಂಡು ಪಂಪ್‌ಹೌಸಿನ ಸಾಲನ್ನು ಅವತ್ತಿನ ಲಿಸ್ಟಿಗೆ ಸೇರಿಸಿದೆ. ಕಾಗದ ಇತ್ತಲ್ಲ, ಯಾರೂ ಆಕ್ಷೇಪಿಸಲಿಲ್ಲ. ಆಮೇಲೆ ಅಂಕಲ್ ಹತ್ತಿರ ಹೋಗಿ, ನಿನ್ನೆಯ ಲಿಸ್ಟಿನಲ್ಲೇ ಹೋಗಿದೆ ಅಂತ ಎಂಜಿನಿಯರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ ಅಂದೆ.

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಫೋನಲ್ಲಿ ಹೇಳಿದ್ದು ತಾನೇ?"

"ಹೂಂ."

"ಬರ್ದದ್ದು ಎಂತಾದ್ರೂ ಉಂಟಾ?"

"ಇಲ್ಲ ಅಂಕಲ್."

"ಬರೀಲಿಕ್ಕೂ ಹೋಗ್ಬೇಡ. ಲಿಸ್ಟ್‌ನಲ್ಲಿ ಇದ್ದದ್ದಕ್ಕೂ ಬೀಳ್ತಾ ಉಂಟು. ನೀನು ಕಳ್ಸಿದ್ರೂ ಬೀಳ್ತಿತ್ತೋ ಏನೋ, ಯಾರಿಗೆ ಗೊತ್ತು? ಹೋಗು, ಕಾಫಿ ಕುಡಿ."

ಕುಡಿದೆ.

ಯುದ್ಧ ನಿಂತಿತು. ಏಪ್ರಿಲ್‌ನಲ್ಲಿ ನನ್ನ ಕಾಂಟ್ರಾಕ್ಟು ಆರು ತಿಂಗಳಿಗೆ ಮುಂದುವರಿಯಿತು. ಮನೆಯಲ್ಲಿ ಕೇಸರಿಭಾತ್ ಮಾಡಿದೆವು. ಮೇ ತಿಂಗಳಲ್ಲಿ ನಮ್ಮ ಆಫೀಸು ರಾಯಭಾರಿಗಳಿಗಾಗಿ ಒಂದು ಸಭೆ ಇಟ್ಟಿತು: ಲಿಸ್ಟಿನ ಪದ್ಧತಿ ಹೇಗೆ ನಡೆಯಿತು, ಎಲ್ಲಿ ಸೋತಿತು. ಅದಕ್ಕೆ ಗಾಜಾದಿಂದ ಆ ಎಂಜಿನಿಯರನ್ನೇ ಕರೆಸಿದರು. ಪರ್ಮಿಟ್ಟು ಸಿಗಲು ಐದು ವಾರ ಹಿಡಿಯಿತಂತೆ. ನ್ಯೂಜೆರ್ಸಿಯ ಪ್ಯಾಟರ್‌ಸನ್‌ನಲ್ಲಿ ಅವರ ಸೋದರಸಂಬಂಧಿಯ ಮನೆ ಇತ್ತು, ಅಲ್ಲೇ ಉಳಿದುಕೊಂಡಿದ್ದರು.

ಸಭೆಗೆ ಮುಂಚೆ ನಾನು ಹೋಗಿ "ಫೋನಿನಲ್ಲಿ ಮಾತಾಡುತ್ತಿದ್ದವಳು ನಾನೇ" ಅಂದೆ. ಐವತ್ತರ ಗಂಡಸು, ತೆಳ್ಳಗೆ, ಬೇರೆ ಯಾರದೋ ಅಳತೆಯ ಸೂಟು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, "ಸಿಸ್ಟರ್, ಆ ದಿನಗಳಲ್ಲಿ ನಿಮ್ಮ ದನಿ ಕೇಳಿದ್ರೆ ನಮಗೆ ಧೈರ್ಯ" ಅಂದರು. ಇದನ್ನು ಬರೆಯುವಾಗ ಈಗಲೂ ಕೀಬೋರ್ಡಿನಿಂದ ಕೈ ತೆಗೆಯಬೇಕು ಅನಿಸುತ್ತದೆ.

ಉದ್ದನೆಯ ಟೇಬಲ್ಲು, ದೇಶಗಳ ಹೆಸರಿನ ಫಲಕಗಳು, ಹದಿನೈದು ಪ್ರತಿನಿಧಿಗಳು. ಎಂಜಿನಿಯರು ಸ್ಲೈಡ್ ತೋರಿಸಿದರು. ಪಂಪ್‌ಹೌಸಿನ ಸ್ಲೈಡ್ ಬಂದಾಗ ಒಂದು ದೇಶದ ಪ್ರತಿನಿಧಿ ತುಂಬ ಮರ್ಯಾದೆಯಿಂದ ಕೇಳಿದ: ಈ ಜಾಗದ ಬಗ್ಗೆ ಮೊದಲೇ ತಿಳಿಸಲಾಗಿತ್ತೇ?

"ತಿಳಿಸಿದ್ವಿ. ನ್ಯೂಯಾರ್ಕ್‌ನಿಂದ ನಂಗೆ ಖಚಿತಪಡಿಸಿದ್ರು. ಅದಕ್ಕೇ ಅವರನ್ನ ಅಲ್ಲಿಂದ ಕದಲಿಸ್ಲಿಲ್ಲ."

ಆತ ಅಂಕಲ್ ಕಡೆ ತಿರುಗಿದ. ಅಂಕಲ್ ಫೈಲಿನ ಹಾಳೆ ತಿರುವಿದರು. ಅವರಿಗೆ ಹಾಳೆ ನೋಡುವ ಅಗತ್ಯವೇ ಇರಲಿಲ್ಲ. "ಆ ದಿನದ ಲಿಸ್ಟ್‌ನಲ್ಲಿ ಇಲ್ಲ. ಮರುದಿನದ್ದರಲ್ಲಿ ಇದೆ."

"ಅಂದರೆ ಘಟನೆ ಆದ ಮೇಲೆ ತಿಳಿಸಿದ್ದು" ಅಂದ ಆತ. ಒಂದಷ್ಟು ಪೆನ್ನುಗಳು ಅದನ್ನು ಬರೆದುಕೊಂಡವು.

ಎಂಜಿನಿಯರು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಈಗ ಇವಳು ಹೇಳುತ್ತಾಳೆ ಅನ್ನುವ ಹಾಗೆ, ಸುಮ್ಮನೆ. ನಾನು ಪ್ರೊಜೆಕ್ಟರಿನ ವೈರು ಎಲ್ಲಿಗೆ ಹೋಗಿದೆ ಅಂತ ನೋಡುತ್ತಾ ಕೂತೆ. ಗೋಡೆಯವರೆಗೆ ಹೋಗಿತ್ತು. ಕೊನೆಗೆ ಎಂಜಿನಿಯರೇ ಅಂದರು:

"ಬಹುಶಃ ನಾನೇ ದಿನ ಅದಲು ಬದಲು ಮಾಡಿಕೊಂಡಿರ್ಬೇಕು. ಕ್ಷಮಿಸಿ."

ಮುಂದಿನ ಸ್ಲೈಡ್ ಬಂತು.

ಗುರುವಾರ ಸಭೆಯ ವರದಿಯ ಕರಡನ್ನು ನಾನೇ ಟೈಪ್ ಮಾಡಬೇಕಾಯಿತು. "ಪಂಪ್‌ಹೌಸಿನ ಮಾಹಿತಿಯನ್ನು ಘಟನೆಯ ನಂತರ ಒದಗಿಸಲಾಯಿತು, ಸ್ಥಳೀಯ ಸಿಬ್ಬಂದಿಯ ನೆನಪಿನಲ್ಲಿ ಗೊಂದಲವಿದೆ." ಮೊದಲರ್ಧ ಸತ್ಯ. ಎರಡನೆಯದನ್ನು ಟೈಪ್ ಮಾಡಿ ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಈ ವಾಕ್ಯ ಹೀಗೇ ಹೋದರೆ ಪ್ರತಿಭಟನೆ ಅಲ್ಲಿಗೆ ಮುಗಿಯಿತು. ಮುಂದೆ ಅವರು ಯಾವ ಸಭೆಯಲ್ಲಿ ಏನು ಹೇಳಿದರೂ ನೆನಪಿನ ಗೊಂದಲ ಇರುವ ಮನುಷ್ಯ ಅಂತಲೇ ಆಗುತ್ತದೆ. ಹಾಗೇ ಬಿಟ್ಟು ಮನೆಗೆ ಬಂದೆ.

ಗಂಡ ಹುಬ್ಬಳ್ಳಿಯವರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು, ಕೆಲಸ ಹೋದ ಮೇಲೆ ಕಲಿತದ್ದು.

"ರೀ, ಒಂದು ವಿಷ್ಯ ಹೇಳ್ಬೇಕು" ಅಂತ ಶುರು ಮಾಡಿ ಎಲ್ಲ ಹೇಳಿದೆ. ವೀಸಾ, ಇನ್ಶೂರೆನ್ಸು, ಏಪ್ರಿಲ್, ಅದನ್ನೂ ಸೇರಿಸಿದೆ. ನಿಮಗೋಸ್ಕರ ಹೀಗಾಯಿತು ಅನ್ನುವ ಧಾಟಿ ನನ್ನ ದನಿಯಲ್ಲಿ ಬಂದಿರಬೇಕು.

ಅವರು ಒಲೆ ಆರಿಸಿದರು.

"ನನ್ನ ಹೆಸರ ಯಾಕ ಹೇಳ್ತಿ ಅದರಾಗ? ನಾ ಏನ್ ಸುಳ್ಳು ಹೇಳು ಅಂದಿದ್ನೇನ?"

"ಹಂಗಲ್ಲ..."

"ಮತ್ತ ಹೆಂಗ? ಆ ಮನಷ್ಯಾ ಅಷ್ಟ ಮಂದಿ ಮುಂದ ನಿನ್ನ ತಪ್ಪ ತನ್ನ ತಲಿ ಮ್ಯಾಲೆ ಹಾಕ್ಕೊಂಡಾನ. ನೀ ಇಲ್ಲಿ ನಿಂತು ನನಗ ಇನ್ಶೂರನ್ಸ್ ಕಥಿ ಹೇಳಾಕತ್ತೀ. ವೀಸಾ ಹೋದ್ರ ಊರಿಗೆ ಹೋಗೋಣು. ಊರಾಗೇನ್ ಹುಲಿ ಅದಾವೇನ?"

ನನ್ನ ಮೇಲೆ ನನಗಿಂತ ಹೆಚ್ಚು ಅವರಿಗೆ ಅಸಹ್ಯ ಆಗಿತ್ತು. ಅವತ್ತು ನನ್ನನ್ನು ಎಬ್ಬಿಸಿದ್ದು ಅದೇ ಇರಬೇಕು. ನನ್ನ ಅಂತಃಸಾಕ್ಷಿ ಅಂತ ಹೇಳಿಕೊಳ್ಳಲು ಆಸೆ, ಆದರೆ ಅದಕ್ಕೆ ನಾಲ್ಕು ತಿಂಗಳ ಸಮಯ ಸಿಕ್ಕಿತ್ತು, ಎದ್ದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟು ಸಂಸ್ಥೆಗಳಿಗೂ ಸಭೆಗೆ ಬಂದಿದ್ದ ಹದಿನೈದು ಪ್ರತಿನಿಧಿಗಳಿಗೂ ಒಂದೇ ಮೇಲ್ ಬರೆದೆ. ಪಂಪ್‌ಹೌಸಿನ ವಿವರ ಶೆಲ್ ಬೀಳುವ ಹಿಂದಿನ ದಿನವೇ ಇಂತಿಷ್ಟು ಗಂಟೆಗೆ ನನಗೆ ಬಂದಿತ್ತು, ಫೋಟೋ ಸಮೇತ. ನಾನು ಅದನ್ನು ಬಾಕಿ ಇಟ್ಟೆ, ಬಾಕಿ ಶೀಟನ್ನು ಲಗತ್ತಿಸಿದ್ದೇನೆ. ಕಳಿಸಿದ್ದೀರಾ ಅಂತ ಅವರು ಕೇಳಿದಾಗ ಕಳಿಸಿದ್ದೇನೆ ಅಂತ ಸುಳ್ಳು ಹೇಳಿದೆ. ಆ ಮಾತನ್ನು ನಂಬಿ ಅವರು ಜನರನ್ನು ಅಲ್ಲೇ ಉಳಿಸಿದರು. ಅವರ ನೆನಪಿನಲ್ಲಿ ಯಾವ ಗೊಂದಲವೂ ಇಲ್ಲ.

"ಸುಳ್ಳು" ಅನ್ನುವ ಕಡೆ ಮೊದಲು "ತಪ್ಪು ಮಾಹಿತಿ" ಅಂತ ಹಾಕಿದ್ದೆ. ಅದನ್ನು ತೆಗೆಯಲು ಹತ್ತು ನಿಮಿಷ ಬೇಕಾಯಿತು.

ಕಳಿಸಿ ಕಾಲು ಗಂಟೆಗೆ ಅಂಕಲ್ ಬಂದರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ನನ್ನ ಎದುರಿನ ಕುರ್ಚಿಯಲ್ಲಿ ಕೂತು, "ನನ್ಗೆ ಹೇಳಿದ್ದು ಯಾಕೆ ಬರೀಲಿಲ್ಲ ನೀನು?" ಅಂದರು.

"ಯಾವ್ದು ಅಂಕಲ್?"

"ಮರುದಿನವೇ ನನ್ಗೆ ಹೇಳಿದ್ದೆ ಅಲ್ವಾ. ಬಿಟ್ಟಿದ್ದೀ."

"ನಿಮ್ಮನ್ನ ಯಾಕೆ ಎಳೀಲಿ?"

"ಹ್ಞಾ, ಭಾರೀ ಉಪಕಾರ" ಅಂದರು. ಎದ್ದು ಹೋದರು. ಅಕ್ಟೋಬರ್‌ನಲ್ಲಿ ನನ್ನ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಅಷ್ಟರಲ್ಲಿ ಗಂಡನಿಗೆ ಬ್ರಿಡ್ಜ್‌ವಾಟರ್‌ನ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ಹಾಗಾಗಿ ನಾವು ಬೀದಿಗೆ ಬೀಳಲಿಲ್ಲ. ನಾನು ಅಷ್ಟೊಂದು ಹೆದರಿಕೊಂಡಿದ್ದ ಸಂಗತಿ ಬಂದು, ಏನೂ ಮಾಡದೆ ಹೋಯಿತು.

ವರದಿಯಲ್ಲಿ ಗೊಂದಲದ ವಾಕ್ಯ ತೆಗೆದು "ಮಾಹಿತಿ ಸ್ವೀಕರಿಸಲಾಗಿತ್ತು, ರವಾನೆಯಾಗಿರಲಿಲ್ಲ" ಅಂತ ಹಾಕಿದರು. ಸ್ವೀಕರಿಸಿದವರು ಯಾರು, ರವಾನಿಸದವರು ಯಾರು ಅಂತ ಇರಲಿಲ್ಲ. ಆ ಇಂಗ್ಲಿಷ್ ಬಹಳ ಸಭ್ಯವಾದದ್ದು.

ಮೇಲ್ ಕಳಿಸಿದ ಮರುದಿನ, ಶನಿವಾರ ಮಧ್ಯಾಹ್ನ, ಅದರ ಪ್ರಿಂಟ್ ತೆಗೆದುಕೊಂಡು ಎಂಜಿನಿಯರನ್ನು ನೋಡಲು ಪ್ಯಾಟರ್‌ಸನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಫೋರ್ಟ್ ಲೀಯಿಂದ ಅರ್ಧ ಗಂಟೆ ಸಹ ಇಲ್ಲ. ಅರಬರ ಅಂಗಡಿಗಳ ಸಾಲಿನಲ್ಲಿ ಒಂದು ಸಿಹಿತಿಂಡಿ ಅಂಗಡಿ, ಅಲ್ಲಿಗೆ ಬರಲು ಹೇಳಿದ್ದರು. ಮರುದಿನ ಅವರ ಫ್ಲೈಟು. ಕೂತೆ. ಹೇಳಿದೆ. ಪ್ರಿಂಟ್ ಕೊಟ್ಟೆ. ಅವರು ಓದುವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಸಭೆಯಲ್ಲಿ ಗೊತ್ತಿತ್ತಾ ನಿಮ್ಗೆ, ನಂಗೆ ದಿನ ಸರಿಯಾಗಿ ನೆನಪಿದೆ ಅಂತ?"

"ಗೊತ್ತಿತ್ತು."

"ನಂಗೆ ಗೊತ್ತಿರ್ಲಿಲ್ಲ" ಅಂದರು. "ಆ ಸಭೆ ಆದಾಗಿಂದ ನಂಗೆ ನನ್ನ ಮೇಲೇ ಅನುಮಾನ. ನೀವು ಹೋಗಿದೆ ಅಂದಿದ್ದು ನಾನೇ ಕಟ್ಟಿಕೊಂಡೆನಾ ಅಂತ. ಸತ್ತುಹೋದ ಆ ಆಪರೇಟರ್‌ನ ಅಣ್ಣ ನಾಲ್ಕು ತಿಂಗಳಿಂದ ನನ್ನ ಜತೆ ಮಾತಾಡಿಲ್ಲ. ಇಲ್ಲೇ ಇರಿ ಅಂದವನು ನಾನು. ಮಸೀದಿಯಲ್ಲಿ ನನ್ನ ಪಕ್ಕ ನಿಲ್ಲಲ್ಲ ಅವನು. ಅವನಂದಿದ್ದೇ ಸರಿ ಅನ್ನೋಕೆ ಶುರು ಮಾಡಿದ್ದೆ ನಾನು."

ನಾನು ಕ್ಷಮಿಸಿ ಅಂದೆ. ಅವರು ಆ ಮಾತನ್ನು ತೆಗೆದುಕೊಳ್ಳಲೂ ಇಲ್ಲ, ವಾಪಸು ಕೊಡಲೂ ಇಲ್ಲ. ಪ್ರಿಂಟನ್ನು ಮಡಿಸಿ ಪಕ್ಕಕ್ಕಿಟ್ಟರು.

"ಇದು ದೊಡ್ಡ ಮನುಷ್ಯರಿಗೆ ಬರೆದಿದ್ದು. ಅವನ ಅಣ್ಣನಿಗೆ ಒಂದು ಬರೆದುಕೊಡಿ. ಕೈಯಲ್ಲಿ ಬರೀರಿ, ಸಹಿ ಹಾಕಿ. ನನ್ನ ಕಸಿನ್ ಅರೇಬಿಕ್‌ಗೆ ಮಾಡ್ತಾನೆ."

ಅಂಗಡಿಯವರ ಹತ್ತಿರ ಬಿಳಿ ಹಾಳೆ ಕೇಳಿ ತಂದುಕೊಟ್ಟರು. ಬರೆದೆ. ಸಂತಾಪ, ದುಃಖ ಅಂತೆಲ್ಲ ಎರಡು ಸಾಲು ಬರೆದಾಗ ತಡೆದರು. "ಅದು ಬೇಡ. ಏನಾಯ್ತೋ ಅದು ಮಾತ್ರ." ಇನ್ನೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದೆ. ನಾನು ಯಾರು, ಅವರು ಏನು ಕೇಳಿದರು, ನಾನು ಏನು ಹೇಳಿದೆ. ಆರು ಸಾಲಾಯಿತು. ಸಹಿ ಹಾಕಿ ಅವರ ಕಡೆ ತಿರುಗಿಸಿದೆ.

ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಪಂಪಿನ ಗೇಜು ನೋಡುವ ಹಾಗೆ. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಗಂಟೆ ಹಾಕಿಲ್ಲ."

"ಯಾವ ಗಂಟೆ? ನಮ್ಮದಾ, ನಿಮ್ಮದಾ?"

"ನಮ್ಮದು. ಆಮೇಲೆ ಜೀಪಿಗೆ ಇನ್ನೂ ಎಷ್ಟು ನಿಮಿಷ ಇತ್ತು ಅಂತಾನೂ ಹಾಕಿ."

ಹಾಳೆ ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಬರೆದೆ: ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೈದು ನಿಮಿಷ. ಅದರ ಕೆಳಗೆ: ಮೂವತ್ತೈದು ನಿಮಿಷ ಬಾಕಿ ಇತ್ತು.